ಮುಪ್ಪಿನ ಆಸರೆಗೆ ಅಳತೆಗೋಲು

ಮನೆಯ ಹಿರಿಯ ಜೀವಕ್ಕೆ ಎಷ್ಟು ಆಸರೆ ಬೇಕೆಂಬುದನ್ನು ಸೊಸೆಯಾದವಳು ಕಣ್ಣಂದಾಜಿನಲ್ಲೇ ಅರಿಯುತ್ತಾಳೆ. ಸರಕಾರಕ್ಕೆ ಅಂತಹ ಕಣ್ಣಿಲ್ಲ. ಸಾರ್ವಜನಿಕ ಹಣ ಕೊಡಬೇಕಾದಾಗ ಅದಕ್ಕೊಂದು ಅಳತೆ ಬೇಕಾಗುತ್ತದೆ. ಆ ಅಳತೆ ತಪ್ಪಿದರೆ ಏನಾಗುತ್ತದೆಂಬುದನ್ನು ಜರ್ಮನಿ ದೇಶದ ಉದಾಹರಣೆಯಿಂದ ಓದುಗ ಬಂಧುಗಳು ತಿಳಿಯಬಹುದು.

ಆ ದೇಶವು 1995ರಲ್ಲಿ ಆರೈಕೆ ವಿಮೆಯನ್ನು ಕಡ್ಡಾಯಗೊಳಿಸಿತು. ಮಾಲೀಕರ ಮೇಲೆ ಬಿದ್ದ ವಂತಿಗೆಯ ಹೊರೆಯನ್ನು ಸರಿದೂಗಿಸಲು, ಸ್ಯಾಕ್ಸನಿ ಪ್ರಾಂತವೊಂದನ್ನುಳಿದು ಎಲ್ಲೆಡೆ ನವೆಂಬರ್ ತಿಂಗಳ ಒಂದು ಧಾರ್ಮಿಕ ರಜೆಯನ್ನೇ ರದ್ದುಪಡಿಸಿದರು. ರಜೆ ಹೋಯಿತು, ಆರೈಕೆ ಬಂದಿತು! ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳ ಸಂಬಳದಿಂದಲೂ ಈ ವಂತಿಗೆ ಕಡಿತವಾಗುತ್ತದೆ. ಆದರೆ ಇಲ್ಲಿ ಉಳಿದ ತಂದೆತಾಯಿಗಳಿಗೆ ಅದರ ಫಲ ಮುಟ್ಟುವುದಿಲ್ಲ.

ಮೊದಲ ಎರಡು ದಶಕಗಳ ಕಾಲ ಅವರ ಅಳತೆಗೋಲು ಗಡಿಯಾರವಾಗಿತ್ತು. ತಲೆ ಬಾಚಲು 1ರಿಂದ 3 ನಿಮಿಷ, ಹಲ್ಲುಜ್ಜಿಸಲು 5 ನಿಮಿಷ, ಮೈಯೆಲ್ಲ ತೊಳೆಯಲು 20ರಿಂದ 25 ನಿಮಿಷ ಎಂದು ಮಾರ್ಗಸೂಚಿಯಲ್ಲಿ ಬರೆದಿದ್ದಿತು. ದಿನಕ್ಕೆ ಸರಾಸರಿ 90 ನಿಮಿಷಗಳ ನೆರವು ಬೇಕಾದರೆ ಮೊದಲ ಹಂತ, 180 ಆದರೆ ಎರಡನೆಯದು, 300 ಆದರೆ ಮೂರನೆಯದು. ಅದರಲ್ಲಿಯೂ ಮೈತೊಳೆಯುವುದು, ಉಣಿಸುವುದು, ನಡೆಸುವುದು ಇಂತಹ ದೇಹದ ಸೇವೆಯ ಪಾಲು ಇಂತಿಷ್ಟಿರಲೇಬೇಕು.

ಇದರಿಂದ ಅನ್ಯಾಯವಾದುದು ಮರೆವಿನ ರೋಗದವರಿಗೆ. ಕೈಕಾಲು ಗಟ್ಟಿಯಾಗಿರುವ ಅಜ್ಜಿಯೊಬ್ಬಳು ಒಲೆ ಆರಿಸುವುದನ್ನು ಮರೆಯುತ್ತಾಳೆ, ನಡುರಾತ್ರಿ ಬಾಗಿಲು ತೆರೆದು ಹೊರಡುತ್ತಾಳೆ ಎನ್ನಿ. ಅವಳನ್ನು ಕಾಯಲು ಮಗಳು ಹಗಲಿರುಳು ಎಚ್ಚರವಿರಬೇಕು. ಆದರೆ ಬರಿದೆ ಕಾದು ಕುಳಿತ ಹೊತ್ತು ಗಡಿಯಾರದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2002ರಿಂದ ಇಂತಹವರಿಗೆ ವರ್ಷಕ್ಕೆ 460 ಯೂರೋಗಳವರೆಗೆ ಹೆಚ್ಚುವರಿ ನೆರವು ದೊರೆಯತೊಡಗಿತಾದರೂ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

2017ರ ಜನವರಿ 1ರಿಂದ ನಿಮಿಷಗಳ ಲೆಕ್ಕ ಹೋಯಿತು. ಈಗ ಕೇಳುವ ಪ್ರಶ್ನೆ ಬೇರೆ: ಈ ವ್ಯಕ್ತಿ ತನ್ನಿಂದ ತಾನೇ ಎಷ್ಟು ಮಾಡಿಕೊಳ್ಳಬಲ್ಲರು? ತರಬೇತಾದ ದಾದಿಯರೋ ವೈದ್ಯರೋ ಮನೆಗೆ ಬಂದು ಪರೀಕ್ಷಿಸುತ್ತಾರೆ. ಸ್ವಂತ ಮೈಯ ಆರೈಕೆಗೆ ನೂರಕ್ಕೆ 40ರ ತೂಕ, ಔಷಧೋಪಚಾರದ ನಿಭಾವಣೆಗೆ 20, ದಿನಚರಿ ಹಾಗೂ ಜನಸಂಪರ್ಕಕ್ಕೆ 15, ಓಡಾಟಕ್ಕೆ 10. ಉಳಿದ 15 ಬುದ್ಧಿ ಮತ್ತು ನಡವಳಿಕೆಗಳದು. ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನಷ್ಟೇ ಹಿಡಿಯುತ್ತಾರೆ. ಒಟ್ಟು ಹನ್ನೆರಡೂವರೆ ಅಂಕ ಮುಟ್ಟಿದರೆ ಮೊದಲ ದರ್ಜೆ, 27ಕ್ಕೆ ಎರಡನೆಯದು, 90 ದಾಟಿದರೆ ಐದನೆಯದು. ಹಳೆಯ ಫಲಾನುಭವಿಗಳಲ್ಲಿ ದೇಹದ ದೌರ್ಬಲ್ಯ ಮಾತ್ರವಿದ್ದವರನ್ನು ಒಂದು ಮೆಟ್ಟಿಲು, ಮರೆವೂ ಇದ್ದವರನ್ನು ಎರಡು ಮೆಟ್ಟಿಲು ಏರಿಸಿದರು.

ಬುದ್ಧಿಗೆ 15ರ ತೂಕ ಇಂದಿಗೂ ಕಡಿಮೆಯೆಂದೇ ನನ್ನ ಭಾವನೆ. ಆದರೆ ಊಟದ ತಟ್ಟೆಯ ಮುಂದೆ ಕುಳಿತು, ತುತ್ತೆತ್ತುವುದನ್ನೇ ಮರೆತವರಿಗೆ ಪಕ್ಕದಲ್ಲಿ ಕುಳಿತು ನೆನಪಿಸುವುದೂ ಈಗ ನೆರವೆಂದೇ ಎಣಿಕೆಯಾಗುತ್ತದೆ. ಇದು ಸಣ್ಣ ಮಾತಲ್ಲ.

ಮನೆಯವರೇ ಆರೈಕೆ ಮಾಡಿದರೆ ಅವರ ಕೈಗೆ ಕೊಡಲೆಂದು ಹಿರಿಯರಿಗೆ ಹಣ ಬರುತ್ತದೆ. 2025ರ ದರದಂತೆ ಎರಡನೆಯ ದರ್ಜೆಗೆ ತಿಂಗಳಿಗೆ 347 ಯೂರೋ, ಐದನೆಯದಕ್ಕೆ 990. ಮೊದಲ ದರ್ಜೆಗೆ ಈ ಹಣವಿಲ್ಲ. ಎಲ್ಲ ವೆಚ್ಚವನ್ನೂ ವಿಮೆ ಹೊರುವುದಿಲ್ಲ. ಆರೈಕೆಧಾಮ ಸೇರಿದವರ ಮೇಲೆ ಸ್ವಂತ ಖರ್ಚು ಭಾರವಾಗಿಯೇ ಬೀಳುತ್ತದೆ.

ಪರೀಕ್ಷೆಯ ದಿನದ ತೊಡಕು ಯಾವ ದೇಶದಲ್ಲಿಯೂ ಒಂದೇ. ಹಿರಿಯರು ಅಂದು ಶುಭ್ರ ಬಟ್ಟೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ, ‘ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ’ ಎಂದುಬಿಡುತ್ತಾರೆ. ಅಭಿಮಾನ ಬಿಡುವುದು ಸುಲಭವೇ? ಆದುದರಿಂದ ಅಲ್ಲಿ ಮನೆಯವರಿಗೆ ಹೇಳುವ ಮಾತೆಂದರೆ, ಮೊದಲೇ ಕೆಲವು ದಿನ ಯಾವಾಗ ಏನು ನೆರವು ಬೇಕಾಯಿತೆಂದು ದಿನಚರಿ ಬರೆದಿಡಿ, ಪರೀಕ್ಷಕರು ಬಂದಾಗ ಜೊತೆಗಿರಿ ಎಂಬುದು. ಅಂಕ ಕಡಿಮೆ ಬಿದ್ದರೆ ಆದೇಶ ಕೈಸೇರಿದ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು.