ಒಂದು ಮೇಜಿಗೆ ಮೂವರು



ಈ ಸಲ ನಾವು ಎತ್ತಿಕೊಂಡಿರುವುದು ಮನೆಯಲ್ಲಿ ಕುಳಿತು ದುಡಿಯುವವರ ಹಾಗೂ ಓದುವವರ ವಿಚಾರ. 2020ರ ಮಾರ್ಚಿ 22ರ ಜನತಾ ಕರ್ಫ್ಯೂ ಮುಗಿದ ಬೆನ್ನಿಗೇ ನಮ್ಮ ಲೋಕಲ್ ಗಾಡಿಗಳು ಜನರಿಗೆ ನಿಂತುಹೋದವು. ಎಲ್ಲರಿಗೂ ಅವು ಮತ್ತೆ ದೊರೆತದ್ದು 2021ರ ಫೆಬ್ರವರಿ 1ರಂದು, ಅದೂ ಗೊತ್ತಾದ ವೇಳೆಗಳಲ್ಲಿ ಮಾತ್ರ. ಆ ಕಾಲದಲ್ಲಿ ಕಚೇರಿಯೂ ಶಾಲೆಯೂ ಒಮ್ಮೆಲೆ ನಮ್ಮ ಖೋಲಿಗಳಿಗೆ ನುಗ್ಗಿದವು. ರೋಗ ಹೋಯಿತು, ಕಚೇರಿ ಮಾತ್ರ ಪೂರ್ತಿಯಾಗಿ ಹೊರಗೆ ಹೋಗಲಿಲ್ಲ. ವಾರದಲ್ಲಿ ಎರಡು ದಿನವೋ ಮೂರು ದಿನವೋ ಮನೆಯಿಂದಲೇ ಕೆಲಸ ಮಾಡುವ ಮಗ, ಪರೀಕ್ಷೆಗೆ ಓದುವ ಮಗಳು, ಹೊಲಿಗೆಯನ್ನೋ ಪಾಠವನ್ನೋ ನಡೆಸುವ ತಾಯಿ—ಮೂವರಿಗೂ ಇರುವ ಮೇಜು ಒಂದು. ಇದು ಡೊಂಬಿವಲಿಯಿಂದ ದಹಿಸರದವರೆಗೆ ನಮ್ಮವರ ಎಷ್ಟೋ ಮನೆಗಳ ಚಿತ್ರ.

ಜಾಗ ಇಕ್ಕಟ್ಟು, ಏನು ಮಾಡುವುದು, ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ವರ್ಲಿಯ ಬಿ.ಡಿ.ಡಿ. ಚಾಳಿನ ಖೋಲಿ ಎಂದರೆ 160 ಚದರ ಅಡಿ. ಅಲ್ಲಿಯ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಗಳ ಬೀಗದಕೈ ದೊರೆತದ್ದು 2025ರ ಆಗಸ್ಟಿನಲ್ಲಿ. ಆದರೆ ಇಕ್ಕಟ್ಟಿನಲ್ಲಿಯೂ ಅಚ್ಚುಕಟ್ಟಾಗಿ ದುಡಿದವರು ಈ ನಗರದಲ್ಲಿಯೇ ಇದ್ದಾರೆ. ಅವರನ್ನು ನಾವು ಸರಿಯಾಗಿ ನೋಡಿಲ್ಲ, ಅಷ್ಟೆ.

1959ರ ಮಾರ್ಚಿ 15ರಂದು ಗಿರಗಾಂವದ ಒಂದು ಕಟ್ಟಡದ ಮಾಳಿಗೆಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕುಳಿತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಮಳೆಗಾಲ ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಅವರು ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಒಲೆ! ಲಿಜ್ಜತ್ ಎಂಬ ಹೆಸರು ಈಗ ಯಾರಿಗೆ ಗೊತ್ತಿಲ್ಲ? ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿತು.

ನಮಗೆ ಇಲ್ಲಿ ಬೇಕಾದದ್ದು ಅವರ ಕೆಲಸದ ಕ್ರಮ. ಬೆಳಗ್ಗೆ ಶಾಖೆಗೆ ಹೋಗಿ ಕಲಸಿದ ಹಿಟ್ಟನ್ನು ತೂಕ ಮಾಡಿಸಿಕೊಂಡು ತರುವುದು, ಮನೆಯಲ್ಲಿ ಲಟ್ಟಿಸಿ ಒಣಗಿಸುವುದು, ಮರುದಿನ ಒಯ್ದು ಒಪ್ಪಿಸಿ ಮಜೂರಿ ಪಡೆದು ಹೊಸ ಹಿಟ್ಟು ತರುವುದು. ಎಷ್ಟು ತಂದಿದ್ದೇನೆ, ಎಷ್ಟು ಮುಗಿಸಬೇಕು, ಯಾವಾಗ ಒಪ್ಪಿಸಬೇಕು ಎಂಬ ಮೂರೂ ಆಕೆಗೆ ಸ್ಪಷ್ಟ. ಮುಗಿದ ಮೇಲೆ ಲಟ್ಟಣಿಗೆ ಮೂಲೆಗೆ. ನಮ್ಮ ಲ್ಯಾಪ್‌ಟಾಪಿನ ಮಹನೀಯರಿಗಾದರೋ ತೂಕವೂ ಇಲ್ಲ, ಮೂಲೆಯೂ ಇಲ್ಲ! ಪಾಯಜಾಮದಲ್ಲಿಯೇ ಕೆಲಸಕ್ಕೆ ಕುಳಿತವರು ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿಯೂ ಅದನ್ನು ತೆರೆದಿಟ್ಟುಕೊಂಡಿರುತ್ತಾರೆ. ಕೇಳಿದರೆ ದಿನವಿಡೀ ಏನೂ ಮುಗಿಯಲಿಲ್ಲ ಎನ್ನುತ್ತಾರೆ. ಬೆಳಗ್ಗೆ ಸ್ನಾನ ಮಾಡಿ, ಹೊರಗೆ ಹೋಗುವವರಂತೆ ಉಡುಪು ಧರಿಸಿ, ಇಂದು ಮುಗಿಸಬೇಕಾದ ಎರಡು ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದು ಕೂರುವುದು ದೊಡ್ಡ ವಿದ್ಯೆಯೇನಲ್ಲ. ಲೋಕಲಿನಲ್ಲಿ ಉಳಿದ ಎರಡು ತಾಸುಗಳನ್ನು ನಿದ್ದೆಗೂ ಮೊಬೈಲಿಗೂ ಹಂಚಿಬಿಟ್ಟರೆ ಉಳಿತಾಯವೆಲ್ಲಿ ಬಂತು?

ಇನ್ನು ಮನೆಯ ಹಿರಿಯರಿಗೆ ಒಂದು ಮಾತು. ‘ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಹಾಲು ತಂದುಬಿಡು’, ‘ಮನೆಯಲ್ಲೇ ಇದ್ದೀಯಲ್ಲ, ಕುಕ್ಕರ್ ಇಳಿಸು’—ಈ ಮಾತುಗಳು ಬೀಳುವುದು ಯಾರ ತಲೆಯ ಮೇಲೆ? ಮಗನ ಮೀಟಿಂಗು ನಡೆಯುವಾಗ ಮಿಕ್ಸರ್ ಕೂಡ ಬಾಯಿ ಮುಚ್ಚುತ್ತದೆ. ಮಗಳು ಲೆಕ್ಕ ಬಿಡಿಸುವಾಗ ಮಾತ್ರ ಬಂದ ಅತಿಥಿಗೆ ಚಹಾ ಮಾಡಲು ಅವಳೇ ಏಳಬೇಕು. ಪಾತ್ರೆಗಳೆಲ್ಲ ತೊಳೆದಾದ ಮೇಲೆ, ಉಳಿದವರು ಹಾಸಿಗೆ ಹಾಸಿಕೊಂಡು ದೀಪ ಆರಿಸಿ ಎಂದು ಗೊಣಗುವಾಗ, ಅವಳ ಓದು ಆರಂಭವಾಗುತ್ತದೆ. ಆಮೇಲೆ ಅಂಕಗಳು ಕಡಿಮೆಯಾದರೆ ‘ಇವಳಿಗೆ ಓದು ಹತ್ತುವುದಿಲ್ಲ’ ಎಂದು ಗಂಡು ನೋಡಲು ಹೊರಡುವ ಮನೆಗಳೂ ನಮ್ಮಲ್ಲಿವೆ. ಇದು ಅನ್ಯಾಯವೆಂದೇ ನಾವು ಹೇಳುತ್ತೇವೆ.

ಗಂಡುಹುಡುಗರಿಗೆ ಈ ಊರಿನಲ್ಲಿ ಹೊರಗೆ ದಾರಿಗಳಿದ್ದವು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಮೇಜು ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಮೆಟ್ರಿಕ್ ದಾಟಿದ ನಮ್ಮ ಹಿರಿಯರು ಎಷ್ಟೋ ಮಂದಿ. ವರ್ಲಿಯ ಒಂದು ಬೀದಿಗೆ ಅಭ್ಯಾಸ ಗಲ್ಲಿ ಎಂದೇ ಹೆಸರು; ಚಾಳುಗಳ ಮಕ್ಕಳು ಅಲ್ಲಿ ಬೀದಿದೀಪದ ಕೆಳಗೆ ಪುಸ್ತಕ ಹಿಡಿದು ಕುಳಿತು ತಲೆಮಾರುಗಳೇ ಕಳೆದಿವೆ. ಆದರೆ ರಾತ್ರಿ ಹನ್ನೊಂದರ ಮೇಲೆ ಮಗಳನ್ನು ಬೀದಿದೀಪದ ಕೆಳಗೆ ಕಳುಹಿಸುವ ತಂದೆತಾಯಿಗಳು ನಮ್ಮಲ್ಲಿ ಎಷ್ಟು ಮಂದಿ? ಕಳುಹಿಸಲಾಗದಿದ್ದರೆ ಮನೆಯ ಆ ಒಂದು ಮೇಜಿನ ಮೇಲೆ ಮೊದಲ ಹಕ್ಕು ಅವಳದಾಗಬೇಡವೇ? ಯಾರಿಗೆ ಯಾವ ತಾಸು ಎಂದು ಬರೆದು ಗೋಡೆಗೆ ಅಂಟಿಸಿರಿ. ಅವಳ ತಾಸಿನಲ್ಲಿ ಚಹಾವನ್ನು ಅಣ್ಣನೇ ಮಾಡಲಿ. ಹೋಟೆಲು ನಡೆಸಿದ ಜನ ನಾವು, ಗಂಡಸರಿಗೆ ಚಹಾ ಮಾಡಲು ಬಾರದೆಂದರೆ ಯಾರೂ ನಂಬರು.

ಇದರ ಜೊತೆಗೆ ಸಂಘದ ಮುಂದೆ ಒಂದು ಸೂಚನೆ ಇಡುತ್ತಿದ್ದೇವೆ. ಮುಂಬಯಿಯ ಎಷ್ಟೋ ಮಂಡಳಿಗಳು ‘ಅಭ್ಯಾಸಿಕಾ’ ಎಂಬ ಓದುಕೋಣೆಗಳನ್ನು ನಡೆಸುತ್ತವೆ. ನಮ್ಮ ಸಭಾಗೃಹವಾದರೋ ನಾಟಕ, ಮದುವೆಗಳಿಲ್ಲದ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ. ಹತ್ತನೆಯ, ಹನ್ನೆರಡನೆಯ ತರಗತಿಯ ಪರೀಕ್ಷೆಗಳು ಮುಗಿಯುವವರೆಗೆ ಸಂಜೆ ಆರರಿಂದ ಒಂಬತ್ತರವರೆಗೆ ಅದನ್ನು ಮಕ್ಕಳಿಗೆ ತೆರೆದಿಡಬಹುದು. ಬೇಕಾದದ್ದು ನಾಲ್ಕು ಉದ್ದನೆಯ ಮೇಜುಗಳು, ಒಳ್ಳೆಯ ದೀಪ, ಮತ್ತು ಸರದಿಯಂತೆ ಅಲ್ಲಿ ಕುಳಿತಿದ್ದು ಹೆಣ್ಣುಮಕ್ಕಳನ್ನು ಮನೆಯವರೆಗೆ ಬಿಟ್ಟುಬರುವ ಹಿರಿಯರು. ವಾರಕ್ಕೆ ಒಂದು ಸಂಜೆಯನ್ನು ಕೊಡಬಲ್ಲ ಸದಸ್ಯರು ತಮ್ಮ ಹೆಸರನ್ನೂ ಅನುಕೂಲವಾದ ವಾರವನ್ನೂ ಕಾರ್ಯದರ್ಶಿಗಳಿಗೆ ಬರೆದು ತಿಳಿಸಬೇಕಾಗಿ ವಿನಂತಿ.