ಆಕಾಶಕ್ಕೂ ಗೇಣಿ ಕಟ್ಟುತ್ತೀರಾ?



ಈ ಸಲವೂ ನಾವು ಆಡುವುದು ಬೆಲೆಯ ಮಾತು, ಸಾಲದ ಮಾತೇ. ಆದರೆ ಮಂಡಿಯಿಂದಲೋ ಬ್ಯಾಂಕಿನಿಂದಲೋ ಶುರು ಮಾಡುವುದಿಲ್ಲ. ನಿಮ್ಮ ನಡುಮನೆಯಿಂದ ಶುರು ಮಾಡುತ್ತೇವೆ. ಅಲ್ಲಿ ಗೋಡೆಗೆ ಒಂದು ಟಿ.ವಿ. ತೂಗುಹಾಕಿದ್ದೀರಿ. ಮಗನೋ ಅಳಿಯನೋ ಹಬ್ಬದಲ್ಲಿ ಕಂತಿನ ಮೇಲೆ ತಂದಿದ್ದು. ಅದಕ್ಕೆ ತಿಂಗಳು ತಿಂಗಳು ಎಷ್ಟು ಕಟ್ಟುತ್ತಿದ್ದೀರಿ? ಥಟ್ಟನೆ ಹೇಳಿ ನೋಡೋಣ.

ಹೇಳಲಾರಿರಿ. ಗೊಬ್ಬರದ ಚೀಲಕ್ಕೆ ಎಷ್ಟು ಏರಿತು ಅಂದರೆ ರೂಪಾಯಿ ಪೈಸೆ ಸಮೇತ ಹೇಳುತ್ತೀರಿ. ಟ್ರ್ಯಾಕ್ಟರ್ ಬಾಡಿಗೆ ಗಂಟೆಗೆ ಎಷ್ಟು ಅಂದರೂ ಹೇಳುತ್ತೀರಿ. ಆದರೆ ಕೇಬಲ್ಲಿನ ದುಡ್ಡು ನಮ್ಮ ಖರ್ಚಿನ ಪಟ್ಟಿಯಲ್ಲೇ ಇಲ್ಲ. ಅದು ಹೆಂಗಸರ ಕೈಯಿಂದ, ಹಾಲಿನ ದುಡ್ಡಿನಿಂದ, ಮಕ್ಕಳ ಮೊಬೈಲಿನಿಂದ ಸದ್ದಿಲ್ಲದೆ ಸೋರಿ ಹೋಗುತ್ತದೆ. ಕೆರೆ ಒಡೆದರೆ ಊರೆಲ್ಲ ಓಡಿ ಬರುತ್ತದೆ. ತೂಬು ಸೋರಿದರೆ ಯಾರೂ ನೋಡುವುದಿಲ್ಲ. ಕೆರೆ ಬತ್ತುವುದು ಮಾತ್ರ ಎರಡರಿಂದಲೂ.

ಲೆಕ್ಕ ಹಾಕೋಣ. 2019ರ ಫೆಬ್ರವರಿಯಲ್ಲಿ ಹೊಸ ದರ ಪದ್ಧತಿ ಜಾರಿಗೆ ಬಂತು. 100 ಚಾನೆಲ್ಲುಗಳಿಗೆ ಬರೀ ದಾರಿ ಸುಂಕ 130 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ. ಒಟ್ಟು 153 ರೂಪಾಯಿ 40 ಪೈಸೆ. ವರ್ಷಕ್ಕೆ 1,840 ರೂಪಾಯಿ 80 ಪೈಸೆ. ಹತ್ತು ವರ್ಷಕ್ಕೆ 18,408 ರೂಪಾಯಿ. ಇದು ದಾರಿಯ ಸುಂಕ ಮಾತ್ರ, ನೆನಪಿಡಿ. ಸಂತೆಗೆ ಹೋಗುವ ದಾರಿಗೆ ಸುಂಕ ಕೊಟ್ಟಿರಿ. ಸಂತೆಯಲ್ಲಿ ಕೊಂಡ ಸಾಮಾನಿಗೆ ಬೇರೆ ದುಡ್ಡು. ದರ ಕಟ್ಟಿದ ಚಾನೆಲ್ ಒಂದೊಂದಕ್ಕೂ ಬೇರೆ ಬೇರೆ ಬೆಲೆ. ಹೆಚ್‌ಡಿ ಅಂತ ಚೊಕ್ಕ ಚಿತ್ರ ಬೇಕೆಂದಿರೋ, ಒಂದು ಹೆಚ್‌ಡಿ ಚಾನೆಲ್ಲನ್ನು ಎರಡು ಅಂತ ಎಣಿಸುವುದೇ ಆ ಕಾನೂನು. 2020ರಲ್ಲಿ ಅದೇ 130ಕ್ಕೆ 200 ಚಾನೆಲ್ ಕೊಡಬೇಕು ಅಂದರು. 2024ರ ಜುಲೈನಲ್ಲಿ ಆ ಸುಂಕಕ್ಕಿದ್ದ ಮಿತಿಯನ್ನೇ ಕಿತ್ತು ಹಾಕಿದರು. ಎಷ್ಟು ವಸೂಲು ಮಾಡಬೇಕೆಂಬುದು ಈಗ ಮಾರುವವನ ಇಷ್ಟ.

ಇಲ್ಲೇ ನಿಮ್ಮನ್ನು ಒಂದು ಮಾತು ಕೇಳುತ್ತೇವೆ. ಚಾನೆಲ್ಲಿನ ಬೆಲೆಯನ್ನು ಕಟ್ಟುವವರು ಯಾರು? ಚಾನೆಲ್ಲಿನ ಮಾಲೀಕನೇ. ಹತ್ತಾರು ಚಾನೆಲ್ ಸೇರಿಸಿ ಗಂಟು ಕಟ್ಟಿ ಮಾರುವಾಗ, ಗಂಟಿನೊಳಗಿನ ಒಂದು ಚಾನೆಲ್ಲಿಗೆ 19 ರೂಪಾಯಿ ದಾಟಬಾರದು ಅಂತ ನಿಯಮವಿದೆ. 2020ರಲ್ಲಿ ಅದನ್ನು 12ಕ್ಕೆ ಇಳಿಸಿದ್ದರು. ಮಾಲೀಕರು ಕೂಗಾಡಿದರು, ಕೋರ್ಟಿಗೆ ಹೋದರು. 2022ರ ನವೆಂಬರಿನಲ್ಲಿ ಅದು ಮತ್ತೆ 19 ಆಯಿತು. ಗಂಟಿನ ಹೊರಗೆ ಬಿಡಿಯಾಗಿ ಮಾರುವುದಾದರೆ ಆ ಮಿತಿಯೂ ಇಲ್ಲ. ಮಾಲೀಕ ತನ್ನ ಖರ್ಚು ಹಾಕುತ್ತಾನೆ, ತನ್ನ ಲಾಭ ಸೇರಿಸುತ್ತಾನೆ, ಬೆಲೆ ಸಾರುತ್ತಾನೆ. ನೀವು ಮರುಮಾತಿಲ್ಲದೆ ಕೊಡುತ್ತೀರಿ. ಅದೇ ನೀವು ಟೊಮೆಟೋ ಬುಟ್ಟಿ ಹೊತ್ತು ಮಂಡಿಗೆ ಹೋದರೆ ಬೆಲೆ ಹೇಳುವವರು ಯಾರು? ಕೊಳ್ಳುವವನು! ಮಾರುವಾಗಲೂ ಅವರು ಹೇಳಿದ ಬೆಲೆ, ಕೊಳ್ಳುವಾಗಲೂ ಅವರು ಹೇಳಿದ ಬೆಲೆ. ಬೆವರು ಮಾತ್ರ ನಮ್ಮದು.

1974ರ ಭೂ ಸುಧಾರಣೆ ಕಾನೂನು ಬಂದಾಗ ಈ ನಾಡಿನಲ್ಲಿ ಗೇಣಿ ಹೋಯಿತು ಅಂದೆವು. ಹೋಗಿದ್ದು ಹೊಲದ ಗೇಣಿ. ಈಗ ಆಕಾಶಕ್ಕೆ ಗೇಣಿ ಕಟ್ಟುತ್ತಿದ್ದೇವೆ.

ಆಕಾಶ ಯಾರದ್ದು? ಇದು ಭಾಷಣದ ಮಾತಲ್ಲ. 1995ರ ಫೆಬ್ರವರಿಯಲ್ಲಿ ಈ ದೇಶದ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಆಸ್ತಿ, ಸಾರ್ವಜನಿಕರ ಒಳಿತಿಗಾಗಿಯೇ ಅದರ ಬಳಕೆಯಾಗಬೇಕು ಅಂತ. ಗೋಮಾಳ ಹೇಗೋ ಹಾಗೆ. ಗೋಮಾಳಕ್ಕೆ ಬೇಲಿ ಹಾಕಿ, ನಿಮ್ಮ ದನ ಮೇಯಿಸಲು ನಿಮ್ಮಿಂದಲೇ ದುಡ್ಡು ಕೀಳುವವನನ್ನು ಊರಿನವರು ಸುಮ್ಮನೆ ಬಿಡುತ್ತಾರೆಯೇ?

ದುಡ್ಡಿಲ್ಲದೆ ಆಕಾಶದಿಂದ ಚಿತ್ರ ಇಳಿಸಿಕೊಳ್ಳುವುದು ನಮಗೆ ಹೊಸದೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಪೂರ್ತಿ ಒಂದು ವರ್ಷ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಟಿ.ವಿ. ನೋಡಿದವು. ಉಪಗ್ರಹ ಅಮೆರಿಕದ್ದು, ಕಾರ್ಯಕ್ರಮ ನಮ್ಮದು. ಅದರಲ್ಲಿ ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ, ಊರಿಗೆಲ್ಲ ಒಂದು ಟಿ.ವಿ. ಬೆಂಗಳೂರಿನ ಸಾಹೇಬರ ಮನೆಗೆ ಟಿ.ವಿ. ಬರುವ ಮೊದಲೇ ರಾಯಚೂರಿನ ಕೂಲಿಯವನು ಬೇಸಾಯದ ಪಾಠವನ್ನು ಕನ್ನಡದಲ್ಲಿ ಕಂಡ. ಯಾರೂ ಬಾಡಿಗೆ ಕೇಳಲಿಲ್ಲ. ಕರಾರಿನ ವರ್ಷ ಮುಗಿದ ಮೇಲೆ ಆ ಉಪಗ್ರಹ ಹೋಯಿತು, ಪರದೆ ಕತ್ತಲಾಯಿತು.

ಈಗ ಉಪಗ್ರಹ ನಮ್ಮದೇ. ಅದರ ಹೆಸರು ಜಿಸ್ಯಾಟ್-15. 2015ರ ನವೆಂಬರಿನಲ್ಲಿ ಹಾರಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಅದರ ಲಗಾಮು ಹಿಡಿದಿರುವ ಕೇಂದ್ರ ಎಲ್ಲಿದೆ ಗೊತ್ತೇ? ನಮ್ಮ ಹಾಸನದಲ್ಲಿ. ಕಟ್ಟಿದ್ದು ಸರ್ಕಾರದ ದುಡ್ಡಿನಿಂದ, ಅಂದರೆ ನೀವು ಡೀಸೆಲ್ಲಿಗೆ, ಬೆಂಕಿಪೊಟ್ಟಣಕ್ಕೆ ಕಟ್ಟಿದ ತೆರಿಗೆಯಿಂದ. ಅದರ ಮೂಲಕವೇ ಬರುತ್ತದೆ ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಲ್ಲಿ, 33 ವಾಹಿನಿಗಳೊಂದಿಗೆ ಶುರುವಾದದ್ದು. ಇವತ್ತು 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಅನ್ನುವ ಅಂದಾಜಿದೆ. ತಿಂಗಳ ಬಾಡಿಗೆ ಸೊನ್ನೆ. ರೀಚಾರ್ಜು ಇಲ್ಲ, ಕಾರ್ಡು ಇಲ್ಲ, ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುವವರಿಲ್ಲ. ಡಿಶ್ಶು, ಡಬ್ಬಿ, ತಂತಿ ಎಲ್ಲ ಸೇರಿ ಒಂದೇ ಸಲ ಸುಮಾರು 2,000 ರೂಪಾಯಿಯ ಖರ್ಚು. ಆ ದಾರಿ ಸುಂಕ ಒಂದು ವರ್ಷಕ್ಕೆ ಆಗುತ್ತಿದ್ದುದಕ್ಕಿಂತ ಸ್ವಲ್ಪವೇ ಹೆಚ್ಚು.

ಹಾಗಾದರೆ ಇದು ನಿಮಗೆ ಯಾಕೆ ಗೊತ್ತಿಲ್ಲ? ಲಾಭವಿಲ್ಲದ್ದನ್ನು ಯಾರೂ ಡಂಗುರ ಹೊಡೆಯುವುದಿಲ್ಲ, ಅದಕ್ಕೆ.

ಈಗ ಕೆಲಸದ ಮಾತು. ಗಮನವಿಟ್ಟು ಓದಿ. ಅಂಗಡಿಯವನು ನಿಮ್ಮ ಕೈಗೆ ಹಳೆಯ ಡಬ್ಬಿ ಕೊಟ್ಟು ಕಳಿಸಿಯಾನು. ಫ್ರೀ ಡಿಶ್ಶಿನಲ್ಲಿ ಎರಡು ಬಗೆಯ ಪ್ರಸಾರ ಒಟ್ಟಿಗೆ ಬರುತ್ತದೆ. ಒಂದು ಎಂಪೆಗ್-2, ಹಳೆಯದು. ಇನ್ನೊಂದು ಎಂಪೆಗ್-4, ಹೊಸದು. ದೂರದರ್ಶನದ ರಾಷ್ಟ್ರೀಯ ವಾಹಿನಿ, ಕ್ರೀಡಾ ವಾಹಿನಿ ಮುಂತಾದವುಗಳ ಹೆಚ್‌ಡಿ ಚಿತ್ರ ಬರುವುದು ಹೊಸದರಲ್ಲಿ ಮಾತ್ರ. "ಎಂಪೆಗ್-4 ಹೆಚ್‌ಡಿ ಡಬ್ಬಿಯೇ ಬೇಕು" ಅಂತ ಕೇಳಿ ತೆಗೆದುಕೊಳ್ಳಿ. ಡಬ್ಬಿಯಿಂದ ಟಿ.ವಿ.ಗೆ ಕೆಂಪು-ಬಿಳಿ-ಹಳದಿ ಮೂರು ತಂತಿ ಸಿಕ್ಕಿಸಿ ಕೈ ತೊಳೆದುಕೊಳ್ಳಬೇಡಿ. ಆ ತಂತಿಯಲ್ಲಿ ಹೆಚ್‌ಡಿ ಹಾಯುವುದಿಲ್ಲ. ಹೆಚ್‌ಡಿಎಂಐ ಅನ್ನುವ ಚಪ್ಪಟೆ ಬಾಯಿಯ ತಂತಿಯನ್ನೇ ಹಾಕಿ. ಹೊಸ ಟಿ.ವಿ. ಕೊಳ್ಳುವವರಿದ್ದರೆ ಅದರೊಳಗೇ ಉಪಗ್ರಹದ ಟ್ಯೂನರ್ ಇದೆಯೇ ಕೇಳಿ. ಇದ್ದರೆ ಡಬ್ಬಿಯ ಖರ್ಚೂ ಉಳಿಯಬಹುದು.

ಡಿಶ್ಶನ್ನು ನಿಲ್ಲಿಸಬೇಕಾದ್ದು ಆಗ್ನೇಯ ದಿಕ್ಕಿಗೆ. ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ನಮ್ಮ ರಾಜ್ಯದಿಂದ ನೋಡಿದರೆ ನೆಲದಿಂದ 60 ಡಿಗ್ರಿಗೂ ಮೇಲೆ, ಆಕಾಶದಲ್ಲಿ ಚೆನ್ನಾಗಿ ಎತ್ತರಕ್ಕೆ. ಆ ದಿಕ್ಕಿಗೆ ತೆಂಗಿನ ಗರಿಯಾಗಲಿ ಹುಣಸೆ ಕೊಂಬೆಯಾಗಲಿ ಅಡ್ಡ ಬರಬಾರದು. ಕಂಬ ಅಲುಗಾಡಬಾರದು. ಬೆರಳಗಲ ಜರುಗಿದರೂ ಚಿತ್ರ ಹೋಯಿತು. ಡಬ್ಬಿಯಲ್ಲಿ ಸಿಗ್ನಲ್ ತೋರಿಸುವ ಪುಟ ಇರುತ್ತದೆ. ಅಲ್ಲಿ ಎರಡು ಪಟ್ಟಿಗಳಲ್ಲಿ 'ಕ್ವಾಲಿಟಿ' ಅನ್ನುವ ಪಟ್ಟಿ ಏರಬೇಕು, ಇನ್ನೊಂದು ಏರಿದರೆ ಸಾಲದು. ಜೋರು ಮಳೆ ಬಂದಾಗ ಚಿತ್ರ ಸ್ವಲ್ಪ ಹೊತ್ತು ನಿಲ್ಲುವುದುಂಟು. ಅದು ದುಡ್ಡು ತೆಗೆದುಕೊಳ್ಳುವವರ ಡಿಶ್ಶಿನಲ್ಲೂ ಉಂಟು. ಮಳೆ ಬಂದರೆ ಟಿ.ವಿ. ಹೋಯಿತೆಂದು ಅಳುವ ರೈತನನ್ನು ನಾವಂತೂ ಕಂಡಿಲ್ಲ.

"ಹೆಚ್‌ಡಿ ಎಲ್ಲ ಪೇಟೆಯವರ ಶೋಕಿ, ನಮಗ್ಯಾಕ್ರಿ?" ಅಂತ ಕೇಳುವವರಿದ್ದಾರೆ. ಕೇಳಿ. ಹಳೆಯ ಚಿತ್ರದಲ್ಲಿ ಸುಮಾರು 4 ಲಕ್ಷ ಚುಕ್ಕಿಗಳು, ಪೂರ್ಣ ಹೆಚ್‌ಡಿಯಲ್ಲಿ ಸುಮಾರು 20 ಲಕ್ಷ. ಅಂದರೆ ಐದು ಪಟ್ಟು. ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ, ಹೀಗಿರುತ್ತದೆ ನೋಡಿ ಅಂತ ಕೃಷಿ ವಿಜ್ಞಾನಿ ತೋರಿಸುತ್ತಿರುವಾಗ ಪರದೆಯ ಮೇಲೆ ಬರೀ ಹಸಿರು ಮಸುಕು ಕಂಡರೆ ಏನು ಬಂತು? ಚೊಕ್ಕ ಚಿತ್ರ ಬೇಕಾದ್ದು ನಟಿಯ ಸೀರೆ ನೋಡುವವನಿಗಿಂತ ಎಲೆಯ ಚುಕ್ಕಿ ನೋಡುವವನಿಗೆ.

ಇನ್ನು ಕ್ರಿಕೆಟ್. ಹುಡುಗರು ಕೇಬಲ್ ಬಿಡಲು ಒಪ್ಪದಿರುವುದು ಇದಕ್ಕೇ ತಾನೇ? 2007ರಲ್ಲಿ ಒಂದು ಕಾನೂನಾಯಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನಕ್ಕೂ ಹಂಚಬೇಕು ಅಂತ. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು: ಹಾಗೆ ಹಂಚಿದ ಪಂದ್ಯ ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ ಹೋಗಬೇಕು, ಕೇಬಲ್ಲಿಗೆ ಹೋಗಬಾರದು. ಇದರ ಅರ್ಥ ಏನಾಯಿತು ನೋಡಿ. ಅಂಥ ಪಂದ್ಯ ಬಿಟ್ಟಿಯಾಗಿ ಸಿಗುವುದು ಫ್ರೀ ಡಿಶ್ ಇರುವವನಿಗೆ. ತಿಂಗಳು ತಿಂಗಳು ದುಡ್ಡು ಕಟ್ಟುವವನು ಅದೇ ಪಂದ್ಯಕ್ಕೆ ಮತ್ತೆ ದುಡ್ಡು ಕಟ್ಟಿ ಕ್ರೀಡಾ ಚಾನೆಲ್ ಕೊಳ್ಳಬೇಕು!

ನಿಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಫ್ರೀ ಡಿಶ್ಶಿನಲ್ಲಿ ಕೊರತೆ ಇದೆ, ದೊಡ್ಡ ಕೊರತೆಯೇ ಇದೆ. ಚಂದನ ಬರುತ್ತದೆ. ಆದರೆ ನಿಮ್ಮ ಮನೆಯವರು ಸಂಜೆ ಕೂತು ನೋಡುವ ಕನ್ನಡದ ದೊಡ್ಡ ಧಾರಾವಾಹಿ ಚಾನೆಲ್ಲುಗಳು ಅಲ್ಲಿ ಬರುವುದಿಲ್ಲ. ಹೆಚ್‌ಡಿಯಂತೂ ಬೆರಳಿನಲ್ಲಿ ಎಣಿಸುವಷ್ಟೇ. ಯಾಕೆ? ಅಲ್ಲಿನ ಜಾಗಗಳನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ. ಒಂದು ಜಾಗಕ್ಕೆ ವರ್ಷಕ್ಕೆ ಕೋಟಿಗಟ್ಟಲೆ. ಹಿಡಿಯುವವರಲ್ಲಿ ಬಹುಪಾಲು ಹಿಂದಿಯವರು. ಸೋಪು, ಎಣ್ಣೆ ಮಾರುವ ಕಂಪನಿಗಳ ಜಾಹೀರಾತಿನಿಂದ ಆ ದುಡ್ಡನ್ನು ಎತ್ತಿಕೊಳ್ಳುತ್ತಾರೆ. ಲಾಭ ಕಂಡರೆ ಬರುತ್ತಾರೆ, ಬೇಡವೆಂದರೆ ಹೋಗುತ್ತಾರೆ. 2022ರ ಏಪ್ರಿಲಿನಲ್ಲಿ ದೊಡ್ಡ ಚಾನೆಲ್ ಕಂಪನಿಗಳು ತಮ್ಮ ಹಿಂದಿ ಮನರಂಜನೆಯನ್ನು ಒಟ್ಟಿಗೆ ಅಲ್ಲಿಂದ ಕಿತ್ತುಕೊಂಡವು. ಬಿಟ್ಟಿ ನೋಡುವವನು ದುಡ್ಡು ಕೊಟ್ಟು ನೋಡುವವನಾಗಲಿ ಅಂತ ತಾನೇ?

ರೈತರಿಗೆಂದೇ 2015ರಲ್ಲಿ ಡಿಡಿ ಕಿಸಾನ್ ವಾಹಿನಿ ಶುರು ಮಾಡಿದರು. ಹೆಸರು ಕೇಳಿ ಖುಷಿಪಟ್ಟೆವು. ಹಾಕಿ ನೋಡಿದರೆ ಬಹುಪಾಲು ಹಿಂದಿ. ಮಂಡ್ಯದ ಕಬ್ಬಿನವನಿಗೆ, ಹಾವೇರಿಯ ಮೆಣಸಿನಕಾಯಿಯವನಿಗೆ ಹಿಂದಿಯಲ್ಲಿ ಗೋಧಿಯ ಪಾಠ! 1975ರಲ್ಲಿ ಪರದೇಶದ ಉಪಗ್ರಹದಿಂದ ಕನ್ನಡ ಇಳಿಯಿತು. ಹಾಸನದಿಂದ ಲಗಾಮು ಹಿಡಿದ ನಮ್ಮ ಉಪಗ್ರಹದಿಂದ ಕನ್ನಡ ಇಳಿಯಲು ಏನು ಅಡ್ಡಿ?

ಬಂಡವಾಳದ ತವರು ಅನ್ನಿಸಿಕೊಂಡ ಅಮೆರಿಕದಲ್ಲೂ, ದೊಡ್ಡ ಖಾಸಗಿ ಚಾನೆಲ್ಲುಗಳ ಹೆಚ್‌ಡಿ ಚಿತ್ರ ಮಾಡಿನ ಮೇಲಿನ ಸಾದಾ ಆಂಟೆನಾಕ್ಕೆ ಬಿಟ್ಟಿಯಾಗಿ ಸಿಗುತ್ತದೆ. 2009ರ ಜೂನಿನಲ್ಲಿ ಅವರು ಹಳೆಯ ಪ್ರಸಾರ ನಿಲ್ಲಿಸಿ ಅದೇ ಆಂಟೆನಾಕ್ಕೆ ಹೊಸದನ್ನು ಕೊಟ್ಟರು. ನಾವು ಮಾಡಿದ್ದೇನು? ಊರೂರಿನ ಮಾಡಿನ ಮೇಲೆ ಮೀನಿನ ಮುಳ್ಳಿನಂತಿದ್ದ ಆಂಟೆನಾಗಳಿಗೆ ಬರುತ್ತಿದ್ದ ದೂರದರ್ಶನವನ್ನು 2022ರ ಹೊತ್ತಿಗೆ ಬಹುತೇಕ ಎಲ್ಲ ಕಡೆ ನಿಲ್ಲಿಸಿದೆವು. ಅದೇ ಆಂಟೆನಾಕ್ಕೆ ಹೊಸ ಪ್ರಸಾರ ಸಿಕ್ಕಿದ್ದು ಕೆಲವು ದೊಡ್ಡ ನಗರಗಳಿಗೆ ಮಾತ್ರ. ಹಳ್ಳಿಯ ಆಂಟೆನಾ ಹಕ್ಕಿ ಕೂರಲು ಉಳಿಯಿತು.

ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಜಗಳ ಊರಿನ ಕೇಬಲ್ ಹುಡುಗನ ಜೊತೆ ಅಲ್ಲ. ಅವನೂ ರೈತನ ಮಗನೇ. ಕಂಬ ಹತ್ತಿ, ತಂತಿ ಎಳೆದು, ಬಾಗಿಲು ಬಾಗಿಲು ಅಲೆದು ವಸೂಲು ಮಾಡಿದ್ದರಲ್ಲಿ ಅವನ ಪಾಲಿಗೆ ಉಳಿಯುವುದು ಸ್ವಲ್ಪ. ಮೇಲಿನವರಿಗೆ ಹೋಗುವುದೇ ಹೆಚ್ಚು. ಡಿಶ್ ಕೂರಿಸುವ, ರಿಪೇರಿ ಮಾಡುವ ಕೆಲಸವನ್ನು ಅವನಿಗೇ ಕೊಡಿ, ಕೂಲಿಯನ್ನೂ ಸರಿಯಾಗಿ ಕೊಡಿ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದು, ಇವತ್ತು ರಾತ್ರಿ ಮನೆಯವರನ್ನೆಲ್ಲ ಕೂರಿಸಿಕೊಂಡು ಟಿ.ವಿ.ಗೆ ವರ್ಷಕ್ಕೆ ಕಟ್ಟಿದ್ದನ್ನು ಕೂಡಿಸಿ. ಹೆಂಗಸರನ್ನು ಬಿಟ್ಟು ಲೆಕ್ಕ ಹಾಕಬೇಡಿ. ದುಡ್ಡು ಕಟ್ಟುತ್ತಿರುವವರು ಅವರು. ಆ ಮೊತ್ತವನ್ನು ಸಹಕಾರ ಸಂಘದ ಸಾಲದ ಪುಸ್ತಕದ ಪಕ್ಕದಲ್ಲಿ ಇಟ್ಟು ನೋಡಿ. ಆಮೇಲೂ ಧಾರಾವಾಹಿ ಬೇಕು ಅಂದರೆ ಅದು ನಿಮ್ಮ ಮನೆಯ ತೀರ್ಮಾನ. ಆದರೆ ತಿಳಿದು ಕೊಡಿ, ಸೋರಿ ಹೋಗಲು ಬಿಡಬೇಡಿ.

ಎರಡನೆಯದು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಸಾರ ಸೌಕರ್ಯಕ್ಕೆಂದು 2,539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೂರದ, ಬುಡಕಟ್ಟು, ಗಡಿ ಪ್ರದೇಶಗಳ ಜನಕ್ಕೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಡಬ್ಬಿ ಹಂಚುತ್ತೇವೆ ಅಂದಿತು. ನಮ್ಮ ಕಾಡಂಚಿನ ಹಾಡಿಗಳಿಗೆ ಎಷ್ಟು ಬಂತು? ಲೆಕ್ಕ ಕೊಡಲಿ.

ಮೂರನೆಯದು, ನಿಮ್ಮ ಸಂಸದರಿಗೆ ಊರಿಗೊಂದು ಕಾಗದ ಬರೆಯಿರಿ. ಹರಾಜಿನಲ್ಲಿ ಕನ್ನಡಕ್ಕೆ ಬೇರೆ ಜಾಗ ಇಡಲಿ, ಕಡಿಮೆ ದರಕ್ಕೆ ಕೊಡಲಿ. ಕನ್ನಡದ ಕೃಷಿ ಕಾರ್ಯಕ್ರಮಗಳು, ಮಾರುಕಟ್ಟೆ ದರಗಳು ಹೆಚ್‌ಡಿಯಲ್ಲಿ ಬರಲಿ. ಇದು ಭಿಕ್ಷೆಯಲ್ಲ. ಉಪಗ್ರಹಕ್ಕೆ ದುಡ್ಡು ಕೊಟ್ಟವರ ಬೇಡಿಕೆ.

ನೆಲದ ಗೇಣಿಯನ್ನು ಯಾರೂ ತಾವಾಗಿ ಬಿಟ್ಟು ಹೋಗಲಿಲ್ಲ. ಕೊಡುವುದಿಲ್ಲ ಅಂತ ನಮ್ಮ ಹಿರಿಯರು ಎದ್ದು ನಿಂತದ್ದರಿಂದ ಅದು ಹೋಯಿತು. ಆಕಾಶದ ಗೇಣಿಯೂ ಹಾಗೆಯೇ ಹೋಗಬೇಕು. ಆಗ್ನೇಯಕ್ಕೆ ತಿರುಗಿ ಒಮ್ಮೆ ಮೇಲೆ ನೋಡಿ. ಅಲ್ಲಿರುವುದು ನಿಮ್ಮದು.