ರಾಸಿಗೆ ತಕ್ಕ ರಕ್ಷೆ



ಕಾರಹುಣ್ಣಿಮೆಯ ದಿನ ಯಲಬುರ್ಗಾ ತಾಲ್ಲೂಕಿನ ಒಂದು ಗ್ರಾಮಕ್ಕೆ ನಾವು ಪ್ರವಚನದ ನಿಮಿತ್ತ ಹೋಗಿದ್ದೆವು. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಜೂಲ ಹಾಕಿ ಮೆರೆಸಿ, ಸಂಜೆಗೆ ಕರಿ ಹರಿದು ಜನ ಮನೆಗೆ ಮರಳಿದ್ದರು. ನಮಗೆ ಪ್ರಸಾದ ವ್ಯವಸ್ಥೆ ಮಾಡಿದ್ದ ಗೃಹಸ್ಥರ ಮಗನು ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ಅವನು ಅಲ್ಲಿ ಸಾಕಿದ ನಾಯಿಗೆ ವಿಮೆ ಮಾಡಿಸಿರುವ ಸಂಗತಿಯನ್ನು ಹೇಳುತ್ತಿದ್ದನು. ಸಾವಿಗೆ ಇಷ್ಟು, ಶಸ್ತ್ರಚಿಕಿತ್ಸೆಯ ಖರ್ಚಿಗೆ ಇಷ್ಟು, ಕಳವಾದರೆ ಇಷ್ಟು, ನಾಯಿಯು ಅನ್ಯರಿಗೆ ಕಚ್ಚಿ ಹಾನಿಮಾಡಿದರೆ ಇಷ್ಟು ಎಂದು ಬೇರೆ ಬೇರೆ ರಕ್ಷಣೆಗಳಿದ್ದು, ಅವುಗಳಲ್ಲಿ ತನ್ನ ನಾಯಿಗೆ ಬೇಕಾದುವನ್ನು ಮಾತ್ರ ಆಯ್ದುಕೊಂಡೆನೆಂದು ವಿವರಿಸಿದನು. ತಂದೆಯವರು ಎಲ್ಲವನ್ನೂ ಕೇಳಿ, ನಮ್ಮ ಕಡೆ ತಿರುಗಿ, “ಗುರುಗಳ, ನಾಯಿಗೇ ಇಷ್ಟೆಲ್ಲ ಆಯ್ಕೆ ಐತಿ ಅಂದ್ರ, ಮನಿ ನಡಸೋ ನಮ್ಮ ಎತ್ತಿಗೆ ಯಾಕ ಇರಬಾರದ್ರಿ?” ಎಂದರು.

ಪ್ರಶ್ನೆ ಸರಳವಾಗಿತ್ತು, ಆದರೆ ಹಗುರವಾದುದಾಗಿರಲಿಲ್ಲ. ಆ ಮನೆಗೆ ಐದು ಎಕರೆ ಎರೆಹೊಲ, ಒಂದು ಜೋಡಿ ಎತ್ತು. ಬಿತ್ತುವ ಹದದಲ್ಲಿ ಒಂದು ಎತ್ತು ಬಿದ್ದರೆ ಉಳಿದ ಎತ್ತೂ ಕೊಟ್ಟಿಗೆಯಲ್ಲಿ ನಿಲ್ಲುವುದು, ಹೊಲವೂ ಬೀಳು ಬೀಳುವುದು. ಆದುದರಿಂದ ಈ ತಿಂಗಳ ಅಂಕಣವನ್ನು ಅವರ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತಿದ್ದೇವೆ.

ನಮ್ಮ ಪರಂಪರೆಗೆ ಈ ವಿಷಯ ಹೊರಗಿನದಲ್ಲ. ತುರುಗಾಹಿ ರಾಮಣ್ಣನವರ ಕಾಯಕವೇ ದನ ಕಾಯುವುದಾಗಿತ್ತು. ದನ ಕಾಯುವವನು ಹಿಂಡನ್ನು ಲೆಕ್ಕದಿಂದ ಕಾಯುವುದಿಲ್ಲ. ಯಾವ ಆಕಳು ತುಡುಗು, ಯಾವುದು ಕುಂಟುತ್ತದೆ, ಯಾವ ಕರು ಹಿಂದೆ ಬೀಳುತ್ತದೆ ಎಂಬುದನ್ನು ಒಂದೊಂದಾಗಿ ಅರಿತು ಕಾಯುತ್ತಾನೆ. ವಿಮೆಯನ್ನು ಮಾಡಿಸುವುದೂ ಅಂತಹ ಕಾಯುವಿಕೆಯೇ ಆಗಬೇಕೆಂಬುದು ನಮ್ಮ ಅರಿಕೆ. ಎಲ್ಲ ರಾಸುಗಳಿಗೂ ಒಂದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುವುದು ವಿಮೆಯಾದೀತು, ರಕ್ಷೆಯಾಗಲಾರದು.

ಮೊದಲು ಸಾಮಾನ್ಯ ಜಾನುವಾರು ವಿಮೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿಯೋಣ. ಅಪಘಾತ, ಬೆಂಕಿ, ಸಿಡಿಲು, ನೆರೆ, ರೋಗ, ಶಸ್ತ್ರಚಿಕಿತ್ಸೆ ಇವುಗಳಿಂದ ರಾಸು ಸತ್ತರೆ ಪರಿಹಾರ ದೊರೆಯುತ್ತದೆ. ಕಳವಾದರೆ, ಕಾಣೆಯಾದರೆ, ಬೇಕೆಂದೇ ಕೊಂದರೆ, ಅಲಕ್ಷ್ಯದಿಂದ ಅಥವಾ ಮಿತಿಮೀರಿದ ಭಾರ ಹೇರಿದುದರಿಂದ ಸತ್ತರೆ ಸಾಮಾನ್ಯವಾಗಿ ದೊರೆಯುವುದಿಲ್ಲ. ವಿಮೆಗೆ ಮುಂಚೆಯೇ ಇದ್ದ ರೋಗಕ್ಕೆ ಪರಿಹಾರವಿಲ್ಲ. ವಿಮೆ ಮಾಡಿಸಿದ ಮೊದಲ 15 ದಿನಗಳಲ್ಲಿ ಬಂದ ರೋಗಕ್ಕೂ ಸಾಮಾನ್ಯವಾಗಿ ಇಲ್ಲ. ಗಳಲೆ ಬೇನೆ, ಚಪ್ಪೆ ಬೇನೆ, ಕಾಲುಬಾಯಿ ಬೇನೆಗಳಂತಹ ರೋಗಗಳಿಗೆ ಮುಂಚಿತವಾಗಿ ಲಸಿಕೆ ಹಾಕಿಸಿರಬೇಕೆಂಬ ನಿಬಂಧನೆ ಇರುತ್ತದೆ. ಆದುದರಿಂದ ಲಸಿಕೆಯ ದಾಖಲೆಯೂ ಪಾಲಿಸಿಯ ಒಂದು ಹಾಳೆಯೆಂದೇ ತಿಳಿದು ಜೋಪಾನ ಮಾಡಬೇಕು.

ಇಲ್ಲಿಯವರೆಗಿನದು ಎಲ್ಲರಿಗೂ ಸಮಾನ. ಇನ್ನು ಆಯ್ಕೆಯ ಮಾತು. ಗೃಹಸ್ಥರು ಕೊಟ್ಟಿಗೆಯಲ್ಲಿ ನಿಂತು ಪ್ರತಿಯೊಂದು ರಾಸಿನ ಮುಂದೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ನಮಗೆ ಏನನ್ನು ಕೊಡುತ್ತಿದೆ? ಇದು ನಿಲ್ಲುವ, ಮೇಯುವ, ದುಡಿಯುವ ಜಾಗದಲ್ಲಿ ಇದಕ್ಕೆ ಯಾವ ಅಪಾಯ ಉಂಟು? ಇದು ಸಾಯದೆಯೇ ನಿರುಪಯೋಗಿಯಾದರೆ ಮನೆ ತಾಳಿಕೊಂಡೀತೆ?

ಮೂರನೆಯ ಪ್ರಶ್ನೆಯೇ ಯಲಬುರ್ಗಾದ ಆ ಹಿರಿಯರಿಗೆ ಮುಖ್ಯವಾದುದು. ಎರೆಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿ ಮುರಿದುಕೊಂಡ ಎತ್ತು ಸಾಯುವುದಿಲ್ಲ. ಆದರೆ ನೊಗಕ್ಕೆ ಬರುವುದೂ ಇಲ್ಲ. ಸಾವಿಗೆ ಮಾತ್ರ ಮಾಡಿಸಿದ ವಿಮೆ ಅಂತಹ ಎತ್ತಿಗೆ ಒಂದು ಕಾಸನ್ನೂ ಕೊಡದು. ಇದಕ್ಕಾಗಿ ಶಾಶ್ವತ ಸಂಪೂರ್ಣ ಅಂಗವಿಕಲತೆಯ ರಕ್ಷಣೆ ಎಂಬುದು ಪ್ರತ್ಯೇಕವಾಗಿದ್ದು, ಸ್ವಲ್ಪ ಹೆಚ್ಚಿನ ಕಂತು ಕಟ್ಟಿ ಅದನ್ನು ಸೇರಿಸಿಕೊಳ್ಳಬಹುದು. ದುಡಿಮೆಗೆ ಎಂದಿಗೂ ಬಾರದಂತಾದ ಎತ್ತಿಗೂ, ಗಬ್ಬ ಕಟ್ಟುವ ಅಥವಾ ಹಾಲು ಕೊಡುವ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಂಡ ಆಕಳು, ಎಮ್ಮೆಗಳಿಗೂ ಇದು ಅನ್ವಯಿಸುತ್ತದೆ. ಸಾಮಾನ್ಯವಾಗಿ ವಿಮೆಯ ಮೊತ್ತದಲ್ಲಿ ನೂರಕ್ಕೆ 75ರಷ್ಟು ದೊರೆಯುವ ಪದ್ಧತಿ ಇದೆ. ಸರ್ಕಾರದ ಸಹಾಯಧನದ ಪಾಲಿಸಿಯಲ್ಲಿ ಇದು ಸೇರಿದೆಯೇ, ಬೇರೆಯಾಗಿ ಕಟ್ಟಬೇಕೇ ಎಂಬುದನ್ನು ಸಹಿ ಹಾಕುವ ಮುನ್ನ ಬಾಯಿಬಿಟ್ಟು ಕೇಳಬೇಕು. ಕೇಳದವನಿಗೆ ಹೇಳುವವರು ಕಡಿಮೆ.

ಅವಧಿಯ ವಿಚಾರದಲ್ಲಿಯೂ ರಾಸಿನ ಹಲ್ಲನ್ನು ನೋಡಿ ನಿರ್ಧರಿಸಬೇಕು. ಸಾಮಾನ್ಯ ಪಾಲಿಸಿಗಳಲ್ಲಿ ಎತ್ತಿಗೆ 3ರಿಂದ 12 ವರ್ಷ, ಕರೆಯುವ ಆಕಳಿಗೆ 2ರಿಂದ 10 ವರ್ಷ, ಎಮ್ಮೆಗೆ 3ರಿಂದ 12 ವರ್ಷ ಎಂಬ ಮಿತಿ ರೂಢಿಯಲ್ಲಿದೆ. ಆಗತಾನೆ ಬಾಯಿಗೂಡಿದ ಎತ್ತಿಗೆ ಮೂರು ವರ್ಷಗಳ ಪಾಲಿಸಿ ಲೇಸು. ಪ್ರತಿ ವರ್ಷ ನವೀಕರಿಸುವ ತಾಪತ್ರಯವಿಲ್ಲ, ಕಂತೂ ಒಟ್ಟಿನಲ್ಲಿ ಹಗುರವಾಗುತ್ತದೆ. ಹನ್ನೊಂದು ದಾಟಿದ ಎತ್ತಿಗೆ ಮೂರು ವರ್ಷದ ಮಾತು ಸಲ್ಲದು.

ಗಂಗಾವತಿಯ ಕಡೆಗೆ ಬಂದರೆ ಪರಿಸ್ಥಿತಿಯೇ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ನಾಡದು. ಅಲ್ಲಿ ಎತ್ತಿನ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿದೆ. ಕೊಟ್ಟಿಗೆಯ ಐಶ್ವರ್ಯವೆಂದರೆ ಎಮ್ಮೆ ಮತ್ತು ಮಿಶ್ರತಳಿಯ ಆಕಳು. ಹುಲ್ಲಿನ ಬಣವೆಯ ಹಾವು, ಬಣವೆಗೆ ತಗುಲುವ ಬೆಂಕಿ, ಕೆಚ್ಚಲು ಬಾವು ಇವು ಅಲ್ಲಿಯ ಭಯಗಳು. ಕೆಚ್ಚಲು ಬಾವಿನಿಂದ ಹಾಲು ಬತ್ತಿದ ಎಮ್ಮೆ ಜೀವಂತವಾಗಿದ್ದರೂ ಮನೆಯ ಆದಾಯ ನಿಂತಿತಲ್ಲವೇ? ಅಲ್ಲಿಯೂ ಸಾವಿನ ವಿಮೆಯೊಂದೇ ಸಾಲದು.

ಇಲ್ಲಿ ಬೆಲೆ ಕಟ್ಟುವಾಗ ಎಚ್ಚರ ಬೇಕು. ಸಹಾಯಧನದ ಯೋಜನೆಯಲ್ಲಿ ರಾಸಿನ ಬೆಲೆಯನ್ನು ಒಡೆಯನೂ, ಪಶುವೈದ್ಯರೂ, ಕಂಪನಿಯವರೂ ಕೂಡಿ ನಿರ್ಧರಿಸುವ ಕ್ರಮವಿದೆ. ದಿನಕ್ಕೆ ಕೊಡುವ ಹಾಲಿನ ಅಳತೆಯೂ ಸಂತೆಯ ಬೆಲೆಯೂ ಅದಕ್ಕೆ ಆಧಾರ. ಕಂತು ಉಳಿಯಲೆಂದು 60,000 ರೂಪಾಯಿಯ ಎಮ್ಮೆಗೆ 30,000 ರೂಪಾಯಿ ಬರೆಸಿದವರು, ಕೊರಗುವ ದಿನ ಅರ್ಧಕ್ಕೇ ಕೊರಗಬೇಕಾಗುತ್ತದೆ. ಉಳಿತಾಯವಾದರೂ ಎಷ್ಟು? ಹಿಂದೆ ಕಂತಿನಲ್ಲಿ ನೂರಕ್ಕೆ 20ರಿಂದ 50ರವರೆಗೆ ಒಡೆಯರ ಪಾಲಾಗಿತ್ತು. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಕೇಂದ್ರ ಸರ್ಕಾರವು 2024ರಲ್ಲಿ ಅದನ್ನು 15ಕ್ಕೆ ಇಳಿಸಿತು. ನೂರಕ್ಕೆ ಮೂರು ರೂಪಾಯಿ ಕಂತು ಎಂದಿಟ್ಟುಕೊಂಡರೆ 60,000 ರೂಪಾಯಿಯ ಎಮ್ಮೆಗೆ ವರ್ಷಕ್ಕೆ 1,800 ರೂಪಾಯಿ. ಅದರಲ್ಲಿ ಒಡೆಯನ ಪಾಲು 270 ರೂಪಾಯಿ. ಕಂತಿನ ದರ ಕಂಪನಿಗೂ ಅವಧಿಗೂ ತಕ್ಕಂತೆ ಬದಲಾಗುವುದಾದರೂ ಲೆಕ್ಕದ ರೀತಿ ಇದು. ಜಾತ್ರೆಯ ಮಿಠಾಯಿಗೆ ಇದಕ್ಕಿಂತ ಹೆಚ್ಚು ವೆಚ್ಚ ಮಾಡುವ ಮನೆಗಳನ್ನು ನಾವು ಕಂಡಿದ್ದೇವೆ.

ಕುಷ್ಟಗಿಯ ಮಸಾರಿ ನೆಲದಲ್ಲಿ ಕುರಿಯೇ ಆಧಾರ. ಕುರಿಗಾರ ಬಂಧುಗಳು ಮಳೆ ಕಳೆದ ಮೇಲೆ ಕೆಂಗುರಿಯ ಹಿಂಡನ್ನು ಹೊಡೆದುಕೊಂಡು, ಕೊಯ್ಲಾದ ನೀರಾವರಿ ಗದ್ದೆಗಳ ಕಡೆಗೆ ಇಳಿಯುತ್ತಾರೆ. ಯೋಜನೆಯ ಲೆಕ್ಕದಲ್ಲಿ ಹತ್ತು ಕುರಿಗಳು ಒಂದು ರಾಸಿಗೆ ಸಮಾನ. ಮೊದಲು ಒಂದು ಮನೆಗೆ ಇಂತಹ ಐದು ಘಟಕಗಳ ಮಿತಿಯಿದ್ದುದನ್ನು 2024ರಲ್ಲಿ ಕುರಿ, ಮೇಕೆಗಳ ಮಟ್ಟಿಗೆ ಹತ್ತು ಘಟಕಗಳಿಗೆ ಏರಿಸಲಾಯಿತು. ಎಂದರೆ ನೂರು ಕುರಿ. ಹಿಂಡು ಮುನ್ನೂರಿದ್ದರೆ ಯಾವ ನೂರು ಎಂದು ಆರಿಸಬೇಕು. ಮರಿ ಹಾಕುವ ಪ್ರಾಯದ ಹೆಣ್ಣು ಕುರಿಗಳನ್ನೂ ಒಳ್ಳೆಯ ಟಗರುಗಳನ್ನೂ ಮೊದಲು ಸೇರಿಸುವುದು ವಿವೇಕ. ತಾಲ್ಲೂಕು ದಾಟಿ ಹೋದಾಗಲೂ ರಕ್ಷಣೆ ಇರುವುದೇ, ಸಿಡಿಲಿಗೆ ಒಂದೇ ಏಟಿಗೆ ಹತ್ತಾರು ಬಿದ್ದರೆ ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಕುರಿಗಾರರು ತಪ್ಪದೆ ಕೇಳಬೇಕು. ಕೂಕನಪಳ್ಳಿಯ ಸಂತೆಯಲ್ಲಿ ವಿಮೆಯಿರುವ ಕುರಿಯನ್ನು ಕೊಳ್ಳುವವರು, ಮಾರುವವರು ಪಾಲಿಸಿಯನ್ನೂ ವರ್ಗಾಯಿಸಿಕೊಳ್ಳಬೇಕು. ಕುರಿ ಒಬ್ಬರ ಕೈಗೆ, ಕಾಗದ ಇನ್ನೊಬ್ಬರ ಹೆಸರಿಗೆ ಆದರೆ ಇಬ್ಬರಿಗೂ ಫಲವಿಲ್ಲ.

ಕೊಪ್ಪಳದ ಸುತ್ತಮುತ್ತ ಹೆದ್ದಾರಿಗಳೂ ಕಾರ್ಖಾನೆಗಳ ಲಾರಿಗಳೂ ಹೆಚ್ಚಿವೆ. ಅಲ್ಲಿ ರಸ್ತೆ ದಾಟುವ ದನಕ್ಕೆ ಅಪಘಾತದ ಭಯವೇ ಮೊದಲನೆಯದು. ಪಟ್ಟಣದ ಮನೆಗಳಲ್ಲಿ ನಾಯಿ ಸಾಕುವವರೂ ಇದ್ದಾರೆ. ಸಾರ್ವಜನಿಕ ವಲಯದ ಕಂಪನಿಗಳಲ್ಲಿಯೂ ನಾಯಿಯ ವಿಮೆ ಉಂಟು. ಬೀದಿಗೆ ಬಾಗಿಲಿರುವ ಮನೆಯ ನಾಯಿಗೆ ಅನ್ಯರಿಗಾಗುವ ಹಾನಿಯ ರಕ್ಷಣೆಯೂ, ಬೆಲೆಬಾಳುವ ಮುಧೋಳ ತಳಿಯ ನಾಯಿಗೆ ಕಳವಿನ ರಕ್ಷಣೆಯೂ ಸೂಕ್ತ. ಹೊಲ ಕಾಯುವ ನಾಯಿಗೆ ಇವೆರಡಕ್ಕಿಂತಲೂ ಹುಚ್ಚುನಾಯಿ ರೋಗದ ಲಸಿಕೆಯೇ ದೊಡ್ಡ ರಕ್ಷೆ.

ಇಷ್ಟು ಆರಿಸಿ ಮಾಡಿಸಿದ ಮೇಲೂ ಒಂದು ಚಿಕ್ಕ ವಸ್ತುವಿನ ಮೇಲೆ ಎಲ್ಲವೂ ನಿಂತಿದೆ. ಅದು ಕಿವಿಯ ಓಲೆ. ಕೆಲವು ವರ್ಷಗಳ ಹಿಂದೆ ಕುಷ್ಟಗಿ ಸೀಮೆಯ ಒಬ್ಬ ವಿಧವೆ ತಾಯಿ ನಮ್ಮಲ್ಲಿಗೆ ಬಂದರು. ಇಬ್ಬರು ಹೆಣ್ಣುಮಕ್ಕಳ ಓದು ಒಂದು ಎಮ್ಮೆಯ ಹಾಲಿನ ಮೇಲೆ ನಡೆಯುತ್ತಿತ್ತು. ಆ ಎಮ್ಮೆ ಹಾವು ಕಚ್ಚಿ ಸತ್ತಿತು. ವಿಮೆ ಇತ್ತು, ಕಂತು ಕಟ್ಟಿತ್ತು, ಅವಧಿಯೂ ಇತ್ತು. ಆದರೆ ಎರಡು ತಿಂಗಳ ಹಿಂದೆ ಜಾಲಿಬೇಲಿಗೆ ಸಿಕ್ಕಿ ಕಿವಿಯ ಓಲೆ ಹರಿದು ಬಿದ್ದಿತ್ತು. ಹೊಸ ಓಲೆ ಹಾಕಿಸಿರಲಿಲ್ಲ. ಸತ್ತ ಎಮ್ಮೆಯೇ ವಿಮೆಯ ಎಮ್ಮೆ ಎಂಬುದಕ್ಕೆ ಗುರುತಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಆ ತಾಯಿ ಅಳಲಿಲ್ಲ. “ಗುರುಗಳ, ಅದು ನಮ್ಮ ಎಮ್ಮೀನ ಅಂತ ಊರಿಗೆಲ್ಲ ಗೊತ್ತೈತ್ರಿ. ಆ ಕಾಗದಕ್ಕ ಯಾಕ ಗೊತ್ತಾಗಲಿಲ್ರಿ?” ಎಂದು ಕೇಳಿದರು. ಹಿರಿಯ ಮಗಳು ಆ ವರ್ಷ ಶಾಲೆ ಬಿಟ್ಟಳು. ಗ್ರಂಥಗಳನ್ನು ಓದಿದ ನಮಗೆ ಆ ದಿನ ಉತ್ತರ ಹೊಳೆಯಲಿಲ್ಲ. ಆ ತಾಯಿಗೆ ಮೊದಲೇ ಎರಡು ಮಾತು ತಿಳಿಸಬಹುದಾಗಿತ್ತಲ್ಲ ಎಂಬ ಅಳಲು ಇಂದಿಗೂ ನಮ್ಮೊಳಗಿದೆ.

ಕಾಗದಕ್ಕೆ ನಮ್ಮ ಎಮ್ಮೆಯ ಮುಖ ಗೊತ್ತಿಲ್ಲ. ಓಲೆಯ ಮೇಲಿನ ಅಂಕಿಯೇ ಅದಕ್ಕೆ ಎಮ್ಮೆಯ ಹೆಸರು. ಆದುದರಿಂದ ಪಾಲಿಸಿಯಲ್ಲಿ ಬರೆದ ಅಂಕಿ ಓಲೆಯ ಅಂಕಿಗೆ ಸರಿಹೊಂದುವುದೇ ಎಂದು ಮಕ್ಕಳಿಂದ ಓದಿಸಿ ನೋಡಬೇಕು. ಬಣ್ಣ, ಕೋಡಿನ ಆಕಾರ, ಸುಳಿ, ಮಚ್ಚೆಗಳ ವಿವರ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಓಲೆ ಬಿದ್ದ ದಿನವೇ ಪಶು ಆಸ್ಪತ್ರೆಗೂ ಕಂಪನಿಗೂ ತಿಳಿಸಿ, ಹೊಸ ಓಲೆ ಹಾಕಿಸಿ, ಹೊಸ ಅಂಕಿಯನ್ನು ಪಾಲಿಸಿಗೆ ಸೇರಿಸಬೇಕು.

ರಾಸು ಕಾಯಿಲೆ ಬಿದ್ದರೆ 1962 ಸಂಖ್ಯೆಗೆ ದೂರವಾಣಿ ಮಾಡಿದರೆ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಚಿಕಿತ್ಸೆಯ ಚೀಟಿಗಳನ್ನು ಎತ್ತಿಡಬೇಕು. ಸತ್ತರೆ ಕೂಡಲೇ ಕಂಪನಿಗೆ ತಿಳಿಸಬೇಕು. ಪಶುವೈದ್ಯರು ನೋಡುವ ಮುನ್ನ ಹೂಳಬಾರದು, ಓಲೆಯನ್ನು ಕಿತ್ತೆಸೆಯಬಾರದು. ಮರಣೋತ್ತರ ಪರೀಕ್ಷೆಯ ವರದಿ, ಪಾಲಿಸಿ, ಪರಿಹಾರದ ಅರ್ಜಿ ಇವೇ ಮುಖ್ಯ ಕಾಗದಗಳು. ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಹಠಾತ್ತನೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸುರಿದಿದ್ದರೆ ನೆರಡಿ ರೋಗವಿರಬಹುದು. ಅಂತಹ ರಾಸನ್ನು ಕೊಯ್ಯಲೇಬಾರದು. ಅದು ಮನುಷ್ಯರಿಗೂ ಅಂಟುವ ರೋಗ. ವೈದ್ಯರು ರಕ್ತದ ಹನಿಯಿಂದಲೇ ಪತ್ತೆ ಮಾಡುತ್ತಾರೆ.

ವಿಮೆ ಇಲ್ಲದವರಿಗೆ ಸರ್ಕಾರದ ಪರಿಹಾರವಿದೆಯಲ್ಲ ಎಂದು ಕೆಲವರು ಕೇಳುವುದುಂಟು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯ ಸರ್ಕಾರವು ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಘೋಷಿಸಿತ್ತು. ಅನುಗ್ರಹ ಯೋಜನೆಯೂ 2023ರಲ್ಲಿ ಮರಳಿ ಆರಂಭವಾಯಿತು. ಇವು ಆಪತ್ತಿನಲ್ಲಿ ಒದಗುವ ಆಸರೆಗಳು, ಸಂತೋಷ. ಆದರೆ ಇಂದಿನ ಸಂತೆಯಲ್ಲಿ ಆ ಹಣಕ್ಕೆ ಅಂತಹ ಎತ್ತು ಬರುವುದಿಲ್ಲ. ಆಸರೆ ಬೇರೆ, ಹಕ್ಕು ಬೇರೆ. ಕಂತು ಕಟ್ಟಿ, ನಿಬಂಧನೆ ಪಾಲಿಸಿದವನು ಪರಿಹಾರವನ್ನು ಹಕ್ಕಿನಿಂದ ಕೇಳಬಲ್ಲನು.

ಯಲಬುರ್ಗಾದ ಆ ಹಿರಿಯರಿಗೆ ಅಂದು ನಾವು ಹೇಳಿದ್ದನ್ನೇ ಓದುಗ ಬಂಧುಗಳಿಗೂ ಹೇಳಿ ಮುಗಿಸುತ್ತೇವೆ. ಕಾರಹುಣ್ಣಿಮೆಗೆ ಎತ್ತಿನ ಮೈತೊಳೆಯುವಾಗ ಕಿವಿಯನ್ನು ಮುಟ್ಟಿ ಓಲೆ ನೋಡಿರಿ. ಸಂಜೆ ದೀಪ ಹಚ್ಚಿದ ಮೇಲೆ ಪೆಟ್ಟಿಗೆಯಿಂದ ಕಾಗದ ತೆಗೆದು ಅಂಕಿಯನ್ನೂ ಕೊನೆಯ ತಾರೀಖನ್ನೂ ಮಗಳಿಂದ ಓದಿಸಿರಿ. ಸೀಗಿ ಹುಣ್ಣಿಮೆಗೆ ಮತ್ತೊಮ್ಮೆ ಹಾಗೆಯೇ ಮಾಡಿರಿ. ಹಬ್ಬದ ಆಚರಣೆಯಲ್ಲಿ ಇದೂ ಒಂದಾಗಲಿ.